ಗೆಳೆಯನಿಗೊಂದು ಪತ್ರ: ಹನ್ನೆರಡು ಹಾಡು, ನಾಲ್ಕೇ ಜನ

ಪ್ರೀತಿಯ ಸತೀಶ,

ನಿಮ್ಮ ಬ್ಯಾಂಡಿನ ಆಲ್ಬಮ್‌ನಲ್ಲಿ ಒಂದು ಹಾಡು ಹೆವಿ, ಒಂದು ಜಾನಪದ, ಇನ್ನೊಂದು ಜಾಝ್. ಎಲ್ಲ ಸೇರಿ ಕಲಸುಮೇಲೋಗರ ಆಗಿಬಿಟ್ಟರೆ ಅಂತ ಕೇಳಿದ್ದೀಯ. ರೆಕಾರ್ಡಿಂಗಿಗೆ ಕೂರುವ ಮುಂಚೆ ಬ್ರಿಟನ್ನಿನ ರಾಕ್ ತಂಡ ಕ್ವೀನ್ 1975ರ ನವೆಂಬರ್‌ನಲ್ಲಿ ತಂದ ‘ಎ ನೈಟ್ ಅಟ್ ದಿ ಆಪೆರಾ’ವನ್ನು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳು. ಹಾರ್ಡ್ ರಾಕ್, ಸ್ಕಿಫಲ್ ಎಂಬ ಸರಳ ಜಾನಪದ ಶೈಲಿ, ಹಳೇ ಮ್ಯೂಸಿಕ್ ಹಾಲ್ ಧಾಟಿ, ಡಿಕ್ಸಿಲ್ಯಾಂಡ್ ಜಾಝ್, ಆಪೆರಾ, ಕೊನೆಗೆ ಬ್ರಿಟನ್ನಿನ ರಾಷ್ಟ್ರಗೀತೆ ಎಲ್ಲ ಅದರಲ್ಲಿದೆ. ಆದರೂ ಒಂದೇ ತಂಡದ್ದು ಅಂತ ಕಿವಿಗೆ ಗೊತ್ತಾಗುತ್ತದೆ. ಶೈಲಿ ಬದಲಾಯಿತೆಂದು ಅವರು ಹೊರಗಿನ ವಾದ್ಯಗೋಷ್ಠಿ ಕರೆಸಲಿಲ್ಲ, ಸಿಂಥಸೈಸರ್ ಮುಟ್ಟಲಿಲ್ಲ. ಬೇಕಾದ ನಾದವನ್ನು ತಮ್ಮ ಗಂಟಲು, ತಮ್ಮ ಕೈಗಳಿಂದಲೇ ಹೊರಡಿಸಿದರು.

ಅದರಲ್ಲಿನ ‘ಗುಡ್ ಕಂಪನಿ’ ಹಾಡನ್ನೇ ತಗೋ. ಅಲ್ಲಿ ಕೇಳುವ ಟ್ರಂಪೆಟ್, ಟ್ರೊಂಬೋನ್, ಕ್ಲಾರಿನೆಟ್ ಎಲ್ಲವೂ ತಂಡದ ಗಿಟಾರಿಸ್ಟ್ ಬ್ರಯನ್ ಮೇ ಅವರ ‘ರೆಡ್ ಸ್ಪೆಷಲ್’ ಗಿಟಾರ್. ಅದಕ್ಕೆ ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ). ಪ್ರತಿಯೊಂದಕ್ಕೂ ಆನ್-ಆಫ್ ಸ್ವಿಚ್ ಬೇರೆ, ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ ಬೇರೆ. ಎರಡು ಪಿಕಪ್ ಹಾಕಿ ಒಂದರ ಫೇಸ್ ತಿರುಗಿಸಿದರೆ ಕೆಳಗಿನ ನಾದ ಕಳಚಿ, ದನಿ ಮೂಗಿನಿಂದ ಬಂದ ಹಾಗಾಗುತ್ತದೆ. ಅದನ್ನು ಬಾಸ್ ವಾದಕ ಜಾನ್ ಡೀಕನ್ ಕಟ್ಟಿದ್ದ ಬ್ಯಾಟರಿಯ ಪುಟ್ಟ ಆಂಪ್ ಮೂಲಕ ಹಾಯಿಸಿದರು. ಕೆಲವು ಭಾಗಗಳನ್ನು ಒಂದೊಂದೇ ಸ್ವರವಾಗಿ ಮುದ್ರಿಸಿದರು. ನಿಮ್ಮ ಗಿಟಾರಿಸ್ಟ್ ಇಂಥದ್ದು ಮಾಡುವಾಗ ಕೆಡುವುದು ಒಂದೇ ಕಡೆ: ಟೋನ್ ಬದಲಿಸಿ, ನುಡಿಸುವುದು ಮಾತ್ರ ಗಿಟಾರಿನ ಹಾಗೆಯೇ. ತಂತಿ ಮೀಟಿದಾಗ ಮೊದಲ ಪೆಟ್ಟೇ ಜೋರು. ಊದುವ ವಾದ್ಯದಲ್ಲಿ ಸ್ವರ ಮೆಲ್ಲಗೆ ತುಂಬುತ್ತದೆ. ವಾಲ್ಯೂಮ್ ಪೆಡಲ್ ಒತ್ತಿ ಆ ಪೆಟ್ಟನ್ನು ಮರೆಸಲಿ. ಊದುವವನು ಉಸಿರೆಳೆಯುವ ಜಾಗದಲ್ಲಿ ಸ್ವರ ನಿಲ್ಲಿಸಲಿ.

‘ಸೀಸೈಡ್ ರಾಂಡೇವೂ’ದಲ್ಲಿ ಊದುವ ವಾದ್ಯಗಳೆಲ್ಲ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಡ್ರಮ್ಮರ್ ರೋಜರ್ ಟೇಲರ್ ಇಬ್ಬರ ಬಾಯಿ. ಟ್ಯಾಪ್ ನೃತ್ಯದ ಸದ್ದು ಹೊಲಿಗೆಯ ಬೆರಳುಟೋಪಿ ಹಾಕಿಕೊಂಡು ಮಿಕ್ಸಿಂಗ್ ಡೆಸ್ಕ್ ಮೇಲೆ ತಟ್ಟಿದ್ದು! ‘ಲೇಝಿಂಗ್ ಆನ್ ಎ ಸಂಡೇ ಆಫ್ಟರ್‌ನೂನ್’ನ ಹಳೇ ರೇಡಿಯೊದಂಥ ದನಿಗೆ, ಹಾಡಿದ್ದನ್ನು ತಗಡಿನ ಡಬ್ಬದೊಳಗೆ ಇಟ್ಟ ಹೆಡ್‌ಫೋನಿಗೆ ಬಿಟ್ಟು, ಮತ್ತೆ ಮೈಕ್ ಹಿಡಿದರು. ಇದನ್ನು ನೀವು ಇವತ್ತೇ ಮಾಡಬಹುದು.

‘ಬೊಹೀಮಿಯನ್ ರಾಪ್ಸಡಿ’ಯ ಆಪೆರಾ ಭಾಗದ ಅಷ್ಟೂ ಮೇಳ ಮರ್ಕ್ಯುರಿ, ಮೇ, ಟೇಲರ್ ಮೂವರದೇ. ರೆಕಾರ್ಡಿಂಗ್ ಯಂತ್ರದ ಟೇಪಿನಲ್ಲಿದ್ದುದು 24 ಟ್ರ್ಯಾಕ್, ಅಂದರೆ ದನಿಯನ್ನು ಬೇರೆ ಬೇರೆಯಾಗಿ ಹಿಡಿಯುವ 24 ಪಟ್ಟಿ. ಹಾಗಾಗಿ ಕೆಲವನ್ನು ತುಂಬಿಸಿ, ಒಂದೆರಡಕ್ಕೆ ಇಳಿಸಿ, ಖಾಲಿಯಾದದ್ದರ ಮೇಲೆ ಮತ್ತೆ ಹಾಡಿದರು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ‘ಹಿಸ್’ ಸದ್ದು ಏರುತ್ತದೆ, ಮೇಲಿನ ನಾದ ಮಂಕಾಗುತ್ತದೆ. ಹೆಡ್‌ಗೆ ಉಜ್ಜಿ ಉಜ್ಜಿ ದನಿ ಹಿಡಿಯುವ ಆಕ್ಸೈಡ್ ಲೇಪ ಉದುರಿ, ಟೇಪಿನಲ್ಲಿ ಬೆಳಕು ಹಾಯುವಷ್ಟಾಗಿತ್ತು. ನಿಮಗೆ ಕಂಪ್ಯೂಟರಿನಲ್ಲಿ ಆ ಕಾಟವಿಲ್ಲ, ಬೇರೆ ಎರಡು ಕಾಟಗಳಿವೆ. ಇಪ್ಪತ್ತು ದನಿ ಸೇರಿದಾಗ ‘ಸ’, ‘ಟ’ ಚದುರಿ ಚಿಟಿಚಿಟಿ ಎನ್ನುತ್ತವೆ. ಅವನ್ನು ಒಬ್ಬನೇ ಸ್ಪಷ್ಟವಾಗಿ ಉಚ್ಚರಿಸಲಿ, ಉಳಿದವರು ಸ್ವರವನ್ನಷ್ಟೇ ಹಿಡಿಯಲಿ. 200ರಿಂದ 400 ಹರ್ಟ್ಸ್ ನಡುವೆ ದನಿಗಳು ಗುಡ್ಡೆಬಿದ್ದು ಮಬ್ಬಾದರೆ, ಇಡೀ ಗುಂಪನ್ನು, ಹಲವು ದನಿ ಒಟ್ಟಿಗೆ ಹಾಯುವ ಒಂದು ಬಸ್‌ಗೆ ಕಳಿಸಿ ಅಲ್ಲಿ ಎರಡು ಮೂರು ಡೆಸಿಬೆಲ್ ಇಳಿಸು.

‘ದಿ ಪ್ರಾಫೆಟ್ಸ್ ಸಾಂಗ್’ನಲ್ಲಿ ಮರ್ಕ್ಯುರಿ ತಮ್ಮ ದನಿಯ ಮರುಕಳಿಕೆಯ ಜೊತೆಗೇ ಹಾಡುತ್ತಾರೆ. ನಿಮ್ಮ ಹಾಡು ನಿಮಿಷಕ್ಕೆ 100 ಬೀಟ್ ಇದ್ದರೆ, ನಾಲ್ಕು ಬೀಟಿನ ಒಂದು ಬಾರ್‌ಗೆ 2.4 ಸೆಕೆಂಡ್, ಡಿಲೇ (ದನಿ ಮರಳಿ ಬರುವ ತಡ) ಅಷ್ಟಕ್ಕೇ ಇಡು. ಆ ಜಾಗದಲ್ಲಿ ಕಾರ್ಡ್ (ಸ್ವರಗುಚ್ಛ) ಬದಲಿಸಬೇಡ, ಹಿಂದಿನ ಸ್ವರ ಬಂದು ಹೊಸ ಕಾರ್ಡಿಗೆ ಡಿಕ್ಕಿ ಹೊಡೆಯುತ್ತದೆ.

ಹಾಡುಗಳ ಸಾಲು ಜೋಡಿಸುವಾಗಲೂ ಈ ಆಲ್ಬಮ್ ಕೇಳು. ಮೊದಲ ಮೂರು ಹಾಡು ಉಸಿರಾಡಲು ಬಿಡದೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ‘ಪ್ರಾಫೆಟ್ಸ್ ಸಾಂಗ್’ನ ಬಾಲ ಮುಗಿಯುತ್ತಲೇ ‘ಲವ್ ಆಫ್ ಮೈ ಲೈಫ್’ನ ಪಿಯಾನೊ ಶುರು. ಶೈಲಿ ತೀರಾ ಬೇರೆಯಾದ ಕಡೆಯೇ ನಡುವಿನ ಮೌನ ಕಡಿಮೆ ಇಡು. ನಿಮ್ಮ ಜಾನಪದ ಹಾಡನ್ನು ಕೊನೆಗೆ ತಳ್ಳಬೇಡ, ಹೆವಿ ಹಾಡಿನ ಬೆನ್ನಿಗೇ ಹಾಕಿ ನೋಡು. ರಫ್ ಮಿಕ್ಸ್ ಆದ ಮೇಲೆ ಕಳಿಸು.

ನಿನ್ನ
ರವಿ