ಹೆಚ್ಚುವರಿ ಅಂಕ: ಊರಿಗಲ್ಲ, ಸೇವೆಗೆ ಕೇಳೋಣ

ಮಾನ್ಯ ಸಂಪಾದಕರೇ,

ಸರ್ಕಾರಿ ನೇಮಕಾತಿಯಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಅಭ್ಯರ್ಥಿಗಳಿಗೆ ಒಂದಿಷ್ಟು ಹೆಚ್ಚುವರಿ ಅಂಕ ಸಿಗಬೇಕೆಂಬ ಮಾತನ್ನು ನಮ್ಮ ಭಾಗದ ಯುವಕರ ಬಾಯಲ್ಲಿ ನಾನು ಆಗಾಗ ಕೇಳುತ್ತೇನೆ. ಅದರ ಹಿಂದಿನ ನೋವು ನನಗೆ ಗೊತ್ತು. ಭೀಮಾ ನದಿ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕು. ಅಲ್ಲಿಯವರಿಗೆ ಕಲ್ಯಾಣ ಕರ್ನಾಟಕಕ್ಕೆಂದೇ ಇರುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಉಂಟು, ಅದೇ ಬಿಸಿಲು, ಅದೇ ಎರೆಮಣ್ಣಿನಲ್ಲಿ ಬೆಳೆದ ನಮ್ಮವರಿಗೆ ಇಲ್ಲ. ಮೊನ್ನೆ ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಅರ್ಜಿಯ ಪ್ರತಿ ಬಿಚ್ಚಿ, ಆ ಸವಲತ್ತಿನ ಮುಂದೆ ‘ಇಲ್ಲ’ ಎಂದು ತುಂಬಿದ್ದ ಜಾಗದ ಮೇಲೆ ಬೆರಳಿಟ್ಟು, ‘ಹೊಳಿ ಈಚಿ ದಂಡ್ಯಾಗ ಹುಟ್ಟಿದ್ದು ತಪ್ಪೇನ್ರಿ ಸರ?’ ಎಂದು ಕೇಳಿದ.

ತಪ್ಪಲ್ಲ. ಆದರೆ ಊರಿನ ಹೆಸರಿಗೆ ಅಂಕ ಕೇಳುವ ಬೇಡಿಕೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಅವನಿಗೂ ಹೇಳಿದೆ, ಇಲ್ಲಿಯೂ ಹೇಳಬಯಸುತ್ತೇನೆ. ರಾಜಸ್ಥಾನವು ಶಿಕ್ಷಕರ ನೇಮಕಾತಿಯಲ್ಲಿ ಆಯಾ ಜಿಲ್ಲೆಯ ನಿವಾಸಿಗಳಿಗೆ 10, ಗ್ರಾಮೀಣರಿಗೆ 5 ಅಂಕ ಹೆಚ್ಚಾಗಿ ಕೊಟ್ಟಿತ್ತು. ಸರ್ಕಾರಿ ಉದ್ಯೋಗದಲ್ಲಿ ಹುಟ್ಟಿದ ಸ್ಥಳ, ವಾಸಸ್ಥಳದ ಆಧಾರದಲ್ಲಿ ತಾರತಮ್ಯ ಸಲ್ಲದು ಎನ್ನುವ ಸಂವಿಧಾನದ 16(2)ನೇ ವಿಧಿಗೆ ಇದು ವಿರುದ್ಧವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆಚೆ ದಡದ ಸವಲತ್ತು ಉಳಿದಿರುವುದು ಅದಕ್ಕಾಗಿ 2012ರಲ್ಲಿ ಸಂವಿಧಾನಕ್ಕೇ 98ನೇ ತಿದ್ದುಪಡಿ ತಂದದ್ದರಿಂದ. ರಾಜ್ಯ ಸರ್ಕಾರದ ಒಂದು ಆದೇಶಕ್ಕೆ ಆ ಬಲ ಬರುವುದಿಲ್ಲ. ಹರಿಯಾಣ ಸರ್ಕಾರ ನೇಮಕಾತಿಯಲ್ಲಿ ತನ್ನ ರಾಜ್ಯದವರಿಗೆ ಸಾಮಾಜಿಕ-ಆರ್ಥಿಕ ಆಧಾರದಲ್ಲಿ ಕೊಟ್ಟ 5 ಬೋನಸ್ ಅಂಕಗಳ ಗತಿಯೂ ಇದೇ ಆಯಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅವನ್ನು ರದ್ದುಪಡಿಸಿತು, ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು.

ಮಾಡಿದ ಕೆಲಸಕ್ಕೆ ಕೊಡುವ ಪ್ರೋತ್ಸಾಹಕ ಅಂಕಗಳನ್ನು ಮಾತ್ರ ನ್ಯಾಯಾಲಯ ಬೇರೆ ಕಣ್ಣಿನಿಂದಲೇ ನೋಡಿದೆ. ದುರ್ಗಮ ಪ್ರದೇಶಗಳಲ್ಲಿ ದುಡಿದ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಪ್ರವೇಶದಲ್ಲಿ ಸೇವೆಯ ಪ್ರತಿ ವರ್ಷಕ್ಕೆ, ಪರೀಕ್ಷೆಯಲ್ಲಿ ಪಡೆದ ಅಂಕದ ಶೇ 10ರಂತೆ ಗರಿಷ್ಠ ಶೇ 30ರವರೆಗೆ ಕೊಡುವ ನಿಯಮವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಅದೇ ರಾಜಸ್ಥಾನವು ತನ್ನ ಯೋಜನೆಗಳಲ್ಲಿ ಕೆಲಸ ಮಾಡಿದ ಅನುಭವಕ್ಕೆ ನರ್ಸ್-ಕಂಪೌಂಡರ್ ನೇಮಕಾತಿಯಲ್ಲಿ ಬೋನಸ್ ಅಂಕ ಕೊಟ್ಟಾಗ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಇಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ರಾಜ್ಯದ ಒಂದು ನಿಯಮ ಬಿದ್ದು ಇನ್ನೊಂದು ಉಳಿದದ್ದನ್ನು ನಮ್ಮ ಜನಪ್ರತಿನಿಧಿಗಳು ಕೂತು ಓದಬೇಕು.

ನನ್ನ ವಿದ್ಯಾರ್ಥಿಯ ಪ್ಲಾಸ್ಟಿಕ್ ಚೀಲದಲ್ಲಿ ಅರ್ಜಿಯ ಜೊತೆಗೆ ಇನ್ನೂ ನಾಲ್ಕು ಹಾಳೆಗಳಿದ್ದವು. ನಾಲ್ಕು ವರ್ಷ ಅತಿಥಿ ಶಿಕ್ಷಕನಾಗಿ ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದ್ದಕ್ಕೆ ಮುಖ್ಯಶಿಕ್ಷಕರು ಮೊಹರು ಒತ್ತಿ ಕೊಟ್ಟ ಪ್ರಮಾಣಪತ್ರಗಳು. ಒಂದರ ಮೊಹರು ಆಗಲೇ ಮಾಸಿ, ಶಾಲೆಯ ಹೆಸರು ಓದಲು ಬರುವಂತಿರಲಿಲ್ಲ. ನಾವು ಅಂಕ ಕೇಳಬೇಕಾದದ್ದು ಆ ಹಾಳೆಗಳಿಗೆ. ಶಿಕ್ಷಕರು ನಿಲ್ಲದ ಶಾಲೆಗಳು ಯಾವುವು, ಎಷ್ಟು ವರ್ಷದ ಸೇವೆಗೆ ಎಷ್ಟು ಅಂಕ, ಗರಿಷ್ಠ ಎಷ್ಟು, ಪ್ರಮಾಣಪತ್ರಕ್ಕೆ ಸಹಿ ಮಾಡುವ ಅಧಿಕಾರಿ ಯಾರು ಎಂಬುದೆಲ್ಲ ಅಧಿಸೂಚನೆಗೆ ಮೊದಲೇ ನೇಮಕಾತಿ ನಿಯಮದಲ್ಲಿ ಇರಬೇಕು; ಏಕೆಂದರೆ ನಿಯಮವೇ ಅವಕಾಶ ಕೊಡದ ಹೊರತು ಆಯ್ಕೆ ಪ್ರಕ್ರಿಯೆಯ ನಡುವೆ ಮಾನದಂಡ ಬದಲಿಸುವಂತಿಲ್ಲವೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅವಸರದಲ್ಲಿ ಘೋಷಿಸಿದ ಅಂಕಕ್ಕೆ ತಡೆಯಾಜ್ಞೆ ಬಂದರೆ, ವರ್ಷಗಟ್ಟಲೆ ಕಾಯುತ್ತ ವಯೋಮಿತಿ ಮೀರುವವರು ನಮ್ಮ ಮಕ್ಕಳೇ.

ಎರಡೂ ಜಿಲ್ಲೆಗಳ ಶಾಸಕರು ಮುಂದಿನ ಶಿಕ್ಷಕರ ನೇಮಕಾತಿಯ ಅಧಿಸೂಚನೆ ಹೊರಡುವ ಮುನ್ನವೇ ಈ ಕುರಿತು ಶಿಕ್ಷಣ ಸಚಿವರ ಮುಂದೆ ಲಿಖಿತ ಬೇಡಿಕೆ ಇಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

— ನಿವೃತ್ತ ಶಿಕ್ಷಕ, ಆಲಮೇಲ, ವಿಜಯಪುರ ಜಿಲ್ಲೆ