ನೀವು ನೆಟ್ಟುಕೊಟ್ಟ ಅಂಜೂರದ ಗಿಡದ ಬಗ್ಗೆ ದೂರು

ನಮಸ್ಕಾರ,

ಮಾರ್ಚ್ 8ರಂದು ನಿಮ್ಮ ನರ್ಸರಿಯಿಂದ ಪೂನಾ ಅಂಜೂರದ ಗಿಡ ತರಿಸಿದ್ದೆ. ಗಿಡಕ್ಕೆ 1,450 ರೂಪಾಯಿ, ಮನೆಗೆ ಬಂದು ನೆಟ್ಟುಕೊಡುವುದಕ್ಕೆ 600. ಆಮೇಲೆ ನೀವೇ ಕಳಿಸಿದ ಔಷಧಿಗೆ 380. ಬಿಲ್ಲು, ಫೋಟೊ, ನಿಮ್ಮವರ ಜೊತೆಗಿನ ವಾಟ್ಸಾಪ್ ಮಾತುಕತೆ ಎಲ್ಲಾ ಇದರ ಜೊತೆ ಇಟ್ಟಿದ್ದೇನೆ. ಮೂರು ಸಲ ಫೋನ್ ಮಾಡಿದೆ, ಮೂರೂ ಸಲ "ನೋಡ್ತೀವಿ ಮೇಡಂ" ಅಂದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಂಜೂರವೇ ಬೇಕು ಅಂದದ್ದು ನಮ್ಮ ಅಮ್ಮ. ಅವರ ತವರು ಬಳ್ಳಾರಿ ಕಡೆ, ಅಲ್ಲಿ ಹಿತ್ತಲಲ್ಲಿ ಅಂಜೂರದ ಮರ ಇತ್ತಂತೆ. ಇಲ್ಲಿ ದಾವಣಗೆರೆಗೆ ಬಂದು ನಲವತ್ತು ವರ್ಷ ಆಯ್ತು, ಸ್ವಂತ ಮನೆ ಆದ ಮೇಲೆ ಕೇಳಿದ್ದು ಅದೊಂದೇ.

ನಾನು ಆಫೀಸಿನಲ್ಲಿದ್ದೆ. ನಿಮ್ಮ ಹುಡುಗರಿಬ್ಬರು ಮಧ್ಯಾಹ್ನ ಹನ್ನೆರಡೂವರೆಗೆ ಬಂದು, ಸುಡುಬಿಸಿಲಲ್ಲೇ ಇಪ್ಪತ್ತು ನಿಮಿಷದಲ್ಲಿ ನೆಟ್ಟು ಹೋದರು. ಮಾರನೇ ದಿನವೇ ಎಲೆ ಜೋತುಬಿತ್ತು. ಅದಕ್ಕೆ ನಾನು ನಿಮ್ಮನ್ನು ದೂರುವುದಿಲ್ಲ. ಜಾಗ ಬದಲಿಸಿದ ಗಿಡ ಸೊರಗುವುದು, ಎಲೆ ಉದುರಿಸುವುದು ಸಹಜ. ಬೇರು ಎಳೆಯುವ ನೀರಿಗಿಂತ ಎಲೆಯಿಂದ ಆರಿಹೋಗುವ ನೀರು ಜಾಸ್ತಿ ಆದಾಗ, ಅದು ತನ್ನ ಭಾರ ತಾನೇ ಇಳಿಸಿಕೊಳ್ಳುತ್ತದೆ.

ನಾಲ್ಕನೇ ದಿನ ಎಲೆ ತಿರುಗಿಸಿ ನೋಡಿದಾಗ ಎದೆ ಧಸಕ್ ಅಂತು. ನರಗಳ ಉದ್ದಕ್ಕೂ, ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲೆಲ್ಲಾ ಹತ್ತಿ ಅಂಟಿಸಿದ ಹಾಗೆ ಬೆಳ್ಳಗೆ ಹಿಟ್ಟು ತಿಗಣೆ, ಗಿಡದ ರಸ ಹೀರುವ ಹುಳ. ಕೆಳಗಿನ ಎಲೆಗಳ ಮೇಲೆ ಅಂಟಂಟು. ಕಾಂಡದ ಮೇಲೆ ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದವು. ಇಷ್ಟೊಂದು ತಿಗಣೆ ನಾಲ್ಕೇ ದಿನದಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ನಿಮ್ಮಲ್ಲಿಂದಲೇ ಬಂದದ್ದು. ಕಳಿಸುವ ಮುಂಚೆ ಒಬ್ಬರಾದರೂ ಒಂದು ಎಲೆ ತಿರುಗಿಸಿ ನೋಡಬಹುದಿತ್ತು ಅಲ್ವಾ?

ಫೋಟೊ ಕಳಿಸಿದೆ. ನಿಮ್ಮ "ಗಿಡ ತಜ್ಞ"ರಿಂದ ಬಂದ ಉತ್ತರ ಇಷ್ಟೇ: "ಗೊಬ್ಬರ ಕಮ್ಮಿ ಆಗಿದೆ, ಒಂದು ಹಿಡಿ ಯೂರಿಯಾ ಹಾಕಿ, ಔಷಧಿ ಕಳಿಸ್ತೀವಿ, ಬಂದ ತಕ್ಷಣ ಹೊಡೀರಿ." ನಾನು ನಂಬಿದೆ. ಯೂರಿಯಾ ಹಾಕಿದೆ, ಔಷಧಿ ಬಂದ ತಕ್ಷಣ ಮಧ್ಯಾಹ್ನವೇ ಹೊಡೆದೆ. ಎರಡು ದಿನಕ್ಕೆ ಉಳಿದ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದ ಹಾಗೆ ಮುರಿಯತೊಡಗಿದವು.

ಪಕ್ಕದ ಬೀದಿಯಲ್ಲಿ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬಂದವರೇ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಒಂಚೂರು ಕೆರೆದರು. ಒಳಗೆ ಹಸಿರು, ಮೇಲೆ ಬಿಳಿ ಹಾಲಿನ ಒಂದು ಹನಿ. "ಜೀವ ಇದೆ ಕಣಮ್ಮ" ಅಂದರು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆಮೇಲೆ ಗಿಡ ಅಲುಗಾಡದ ಹಾಗೆ ಸುತ್ತ ಮಣ್ಣು ಬಿಡಿಸಿದೆವು. ನರ್ಸರಿಯಲ್ಲಿ ಗಿಡ ಬೆಳೆಸಿದ ಚೀಲ, ಆ ಗ್ರೋ ಬ್ಯಾಗು ಹಾಗೇ ಇತ್ತು! ತಳಕ್ಕೆ ಒಂದು ಸೀಳು ಹಾಕಿ ಬ್ಯಾಗ್ ಸಮೇತ ಹೂತಿದ್ದರು. ಒಳಗೆ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ಮೇಲೆ ನಾನು ದಿನಾ ಸುರಿದ ನೀರು ಪಕ್ಕಕ್ಕೆ ಹರಿದು, ನಡುವಿನ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಣಗಿ ಗಟ್ಟಿಯಾಗಿತ್ತು. ಬ್ಲೇಡಿನಿಂದ ಬ್ಯಾಗ್ ಕತ್ತರಿಸಿ ತೆಗೆದೆವು. ಅಂಜೂರದ ಬೇರಿಗೆ ಜಂತುಹುಳ ಬಿದ್ದು ಗಂಟು ಕಟ್ಟುವುದು ಜಾಸ್ತಿಯಂತೆ, ಇದರಲ್ಲಿ ಗಂಟು ಕಾಣಲಿಲ್ಲ, ಅದೊಂದು ಪುಣ್ಯ.

ಯೂರಿಯಾ ಇಳಿದುಹೋಗಲಿ ಅಂತ ನಾಲ್ಕು ಬಕೆಟ್ ನೀರು ಬಿಟ್ಟೆವು. ಬೇರು ನೊಂದಿರುವಾಗ ಅಂಥ ಗೊಬ್ಬರ ಹಾಕಿದರೆ ಇನ್ನಷ್ಟು ಸುಡುತ್ತದೆ, ಹೊಸ ಚಿಗುರು ಬಂದು ಬಲಿಯುವ ತನಕ ಏನೂ ಹಾಕಬೇಡಿ ಅಂದರು ಹಿರಿಯರು. ತಿಗಣೆ ತುಂಬಿದ ಎಲೆ ಕಿತ್ತು ಕವರಿಗೆ ಹಾಕಿ ಬಿಸಾಡಿದೆವು. ಉಳಿದದ್ದನ್ನು ಪೈಪಿನ ನೀರಿನಿಂದ ತೊಳೆದು, ಸಂದಿಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ವಾರಕ್ಕೊಮ್ಮೆ, ಬಿಸಿಲು ಇಳಿದ ಮೇಲೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಿಂಪಡಿಸಿದೆವು. ಇರುವೆ ಹತ್ತದ ಹಾಗೆ ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಸವರಿದೆವು, ಯಾಕೆಂದರೆ ತಿಗಣೆಯನ್ನು ಕಾಯುವುದೇ ಇರುವೆ. ಮೇಲೆ ಶೇಡ್ ನೆಟ್, ಬುಡಕ್ಕೆ ಒಣ ಎಲೆ. ಬೆರಳು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು.

ಮೂರು ವಾರ ಬರೀ ಕೋಲು ನಿಂತಿತ್ತು. ಏಪ್ರಿಲ್ 11ರ ಬೆಳಿಗ್ಗೆ ಅಮ್ಮ ಕೂಗಿದರು. ತುದಿಯಲ್ಲಿ ಜೋಳದ ಕಾಳಿನಷ್ಟು ಹಸಿರು ಮೊಗ್ಗು.

ಗಿಡ ಉಳಿದಿರುವುದರಿಂದ 1,450 ನಾನು ಕೇಳುವುದಿಲ್ಲ, ಬದಲಿ ಗಿಡವೂ ಬೇಡ. ನೆಟ್ಟಿದ್ದಕ್ಕೆ ಕೊಟ್ಟ 600, ಔಷಧಿಯ 380, ಒಟ್ಟು 980 ರೂಪಾಯಿ ವಾಪಸ್ ಕೊಡಿ.

ಅದಕ್ಕಿಂತ ಮುಖ್ಯವಾದದ್ದು ಆ ಔಷಧಿ ಬಾಟಲಿ. ಅದರ ಮೇಲೆ ಹೆಸರಿಲ್ಲ, ಅಳತೆ ಇಲ್ಲ, ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತಿಲ್ಲ, ಮೈಗೆ ಬಿದ್ದರೆ ಏನು ಮಾಡಬೇಕು ಅಂತಲೂ ಇಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಲೇಬಲ್ ಇಲ್ಲದೆ ಕೀಟನಾಶಕ ಮಾರುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗು ಇದೆ. ಆ ಬಾಟಲಿ ನಮ್ಮ ಹತ್ತಿರ ಹಾಗೇ ಇದೆ, ಬಂದು ತಗೊಂಡು ಹೋಗಿ, ಒಳಗಿದ್ದದ್ದು ಏನು ಅಂತ ಬರೆದು ಕೊಡಿ.

ಹಾಗೇ ಅದೇ ಲಾಟಿನ ಗಿಡ ತಗೊಂಡ ಬೇರೆಯವರಿಗೂ ಫೋನ್ ಮಾಡಿ. ಎಲೆ ತಿರುಗಿಸಿ ನೋಡಿ, ಬ್ಯಾಗ್ ತೆಗೆದಿದ್ದಾರಾ ಪರೀಕ್ಷಿಸಿ, ಯೂರಿಯಾ ಹಾಕಬೇಡಿ ಅಂತ ಹೇಳಿ. ಎಲ್ಲರಿಗೂ ಪಕ್ಕದ ಬೀದಿಯಲ್ಲಿ ಅಂಥ ಹಿರಿಯರು ಇರುವುದಿಲ್ಲ.

ಹದಿನೈದು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ದಾವಣಗೆರೆಯ ನಿಮ್ಮ ಗ್ರಾಹಕಿ