ಹುಳಿ ಹಾಕದ ರೊಟ್ಟಿ: ಬರೆದದ್ದು ಅರ್ಧ ಮಾತ್ರ

ಮಾನ್ಯ ಸಂಪಾದಕರೇ,

ಯೇಸುವಿನ ಕಡೆಯ ಭೋಜನವನ್ನು ನೆನೆಯುವ ಪವಿತ್ರ ಗುರುವಾರದ ದಿನ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಹಿಟ್ಟನ್ನು ಉಬ್ಬಿಸುವ ಹುಳಿ ಅಂದರೆ ಪಾಪ, ಅದಕ್ಕೇ ಯಹೂದಿಗಳೂ ಕ್ರೈಸ್ತರೂ ಹುಳಿ ಹಾಕದ ರೊಟ್ಟಿ ತಿನ್ನುತ್ತಾರೆ ಎಂದು ಅದರಲ್ಲಿತ್ತು. ಇದು ಅರ್ಧ ಮಾತು. ನಾನು ಉಡುಪಿ ಕಡೆಯ ಕ್ಯಾಥೊಲಿಕ್ ಹೆಂಗಸು. ಇಸ್ರೇಲಿನ ಹೈಫಾದಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದೆ. ನಮ್ಮ ಕರಾವಳಿಯ ಎಷ್ಟೋ ಜನ ಅಲ್ಲಿ ಇದೇ ಕೆಲಸ ಮಾಡುತ್ತಾರೆ. ಉಳಿದ ಅರ್ಧವನ್ನು ಅಲ್ಲಿ ಕಂಡವಳಾಗಿ ಇದನ್ನು ಬರೆಯುತ್ತಿದ್ದೇನೆ.

ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ಯಹೂದಿಗಳು ನೆನೆಯುವ ಪಾಸ್ಕ ಹಬ್ಬ ಬಂತೆಂದರೆ ಆ ಮನೆಯಲ್ಲಿ ಕೋಟಿನ ಜೇಬುಗಳನ್ನೂ ಹೊರಗೆಳೆದು ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದೆವು. ಹಬ್ಬದ ಹಿಂದಿನ ರಾತ್ರಿ ದೀಪ ಆರಿಸಿ, ಮೇಣದಬತ್ತಿ ಹಿಡಿದು ಮೂಲೆಮೂಲೆ ಹುಡುಕುವುದು. ಸಿಕ್ಕ ಚೂರನ್ನು ಹಕ್ಕಿಯ ಗರಿಯಿಂದ ಮರದ ಚಮಚಕ್ಕೆ ಗುಡಿಸಿ, ಬೆಳಗ್ಗೆ ಸುಟ್ಟುಬಿಡುವುದು. ಹುಡುಕುತ್ತಿದ್ದದ್ದು ಹಮೇತ್ಸ್, ಅಂದರೆ ಆ ಹಬ್ಬದಲ್ಲಿ ಮನೆಯಲ್ಲಿ ಇರಬಾರದ ಹುಳಿ ಬಂದ ತಿನಿಸು. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್, ಈ ಐದು ಧಾನ್ಯಗಳ ಹಿಟ್ಟಿಗೆ ನೀರು ಬಿದ್ದು 18 ನಿಮಿಷ ಸುಮ್ಮನೆ ಬಿಟ್ಟರೆ ಅದು ಹಮೇತ್ಸ್ ಆಗುತ್ತದೆ. ಯೀಸ್ಟ್ ಹಾಕಲೇಬೇಕೆಂದಿಲ್ಲ. ನಮ್ಮ ಚಪಾತಿಗೆ ಯಾರು ಯೀಸ್ಟ್ ಹಾಕುತ್ತಾರೆ? ಆದರೂ ನೆನೆಯಲು ಬಿಟ್ಟ ಹಿಟ್ಟಿನ ಚಪಾತಿ ಆ ವಾರ ಆ ಅಡುಗೆಮನೆಯಲ್ಲಿ ನಡೆಯುವಂತಿಲ್ಲ.

ಅವರ ಮಾಟ್ಸಾ ರೊಟ್ಟಿಗೆ ಹಿಟ್ಟು, ನೀರು ಅಷ್ಟೇ. ಬೇಗ ಬೇಗ ಲಟ್ಟಿಸಿ, ಉಬ್ಬದ ಹಾಗೆ ಮೈತುಂಬ ತೂತು ಚುಚ್ಚಿ, ಕಾದು ಕೆಂಪಾದ ಒಲೆಗೆ ಹಾಕುತ್ತಾರೆ. ಮುರಿದರೆ ಚಟ್ಟೆನ್ನುತ್ತದೆ. ಎರಡು ತುತ್ತಿಗೆ ಬಾಯಿ ಒಣಗಿ ನೀರು ಬೇಕಾಗುತ್ತದೆ.

ಈ ಅವಸರ ಯಾಕೆ ಅನ್ನೋದು ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಕಲಸಿದ ಹಿಟ್ಟು ಹುಳಿಯಾಗುವಷ್ಟು ಹೊತ್ತೂ ಯಹೂದಿಗಳ ಹಿರಿಯರಿಗೆ ಸಿಗಲಿಲ್ಲ. ಬೈಬಲಿನ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡ ಇದನ್ನೇ ಕಷ್ಟದ ರೊಟ್ಟಿ ಅನ್ನುತ್ತದೆ. ಹಬ್ಬದ ರಾತ್ರಿ ಮೇಜಿನ ಮೇಲೆ ಮೂರು ಮಾಟ್ಸಾ ಇಟ್ಟು ನಡುವಿನದನ್ನು ಮುರಿಯುತ್ತಾರೆ. ಆಮೇಲೆ ಅರಾಮಿಕ್ ಭಾಷೆಯಲ್ಲಿ ಹೇಳುತ್ತಾರೆ: ಇದು ನಮ್ಮ ಹಿರಿಯರು ಈಜಿಪ್ಟಿನಲ್ಲಿ ತಿಂದ ಕಷ್ಟದ ರೊಟ್ಟಿ, ಹಸಿದವರೆಲ್ಲ ಬಂದು ತಿನ್ನಲಿ. ಆ ಮಾತು ಬರೀ ಬಾಯಿಮಾತಲ್ಲ. ಸಂಬಳಕ್ಕೆ ಬಂದ ನನ್ನನ್ನೂ ಅಜ್ಜಿ ಪಕ್ಕದಲ್ಲೇ ಕೂರಿಸಿಕೊಂಡು ಒಂದು ತುಂಡು ಕೈಗಿಟ್ಟರು.

ಹುಳಿ ಪಾಪವೇ ಆಗಿದ್ದರೆ ಬೇರೆ ಶುಕ್ರವಾರಗಳ ಸಂಜೆ ಅದೇ ಮೇಜಿಗೆ ಚೆನ್ನಾಗಿ ಉಬ್ಬಿದ, ಜಡೆ ಹೆಣೆದ ಹಲ್ಲಾ ಬ್ರೆಡ್ ಯಾಕೆ ಬರುತ್ತಿತ್ತು? ಪಾಸ್ಕ ಕಳೆದು 7 ವಾರಕ್ಕೆ ಬರುವ ಹಬ್ಬದಲ್ಲಿ ಹುಳಿ ಹಾಕಿದ ಎರಡು ರೊಟ್ಟಿಯನ್ನೇ ದೇವರಿಗೆ ತನ್ನಿ ಎಂದು ಯಾಜಕಕಾಂಡ 23ರಲ್ಲಿದೆ. ದೇವರ ರಾಜ್ಯ ಹುಳಿಹಿಟ್ಟಿನಂತೆ ಎಂದು ಯೇಸುವೇ ಹೇಳಿದರು, ಅಲ್ವಾ? ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕೆಟ್ಟತನವನ್ನು ಹಳೆಯ ಹುಳಿ ಎಂದದ್ದು ನಿಜ. ನಿಮ್ಮ ಲೇಖಕರು ಅದೊಂದನ್ನೇ ಹಿಡಿದುಕೊಂಡರು.

ಯೇಸುವಿನ ಕಡೆಯ ಭೋಜನ ಪಾಸ್ಕದ ಊಟವೇ ಎಂದು ಮತ್ತಾಯ, ಮಾರ್ಕ, ಲೂಕರು ಬರೆದಿದ್ದಾರೆ. ಅಂದಮೇಲೆ ಯೇಸು ಮುರಿದುಕೊಟ್ಟದ್ದು ಇದೇ ಅವಸರದ ರೊಟ್ಟಿ. ನಮ್ಮ ಇಗರ್ಜಿಯಲ್ಲಿ ಬಲಿಪೂಜೆಗೆ ಇಡುವ ತೆಳ್ಳಗಿನ ಬಿಳಿ ರೊಟ್ಟಿಗೂ ಗೋಧಿಹಿಟ್ಟು, ನೀರು ಅಷ್ಟೇ. ಆದರೆ ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹುಳಿ ಬಂದ ರೊಟ್ಟಿ ಇಡುತ್ತವೆ. ಉಬ್ಬಿದ ರೊಟ್ಟಿ ಸಾವಿನಿಂದ ಎದ್ದುಬಂದ ಕ್ರಿಸ್ತನ ಗುರುತು ಅಂತ ಅವರ ನಂಬಿಕೆ. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಸಭೆಗಳು ಬೇರೆಯಾದಾಗ ಜಗಳಕ್ಕೆ ಇದೂ ಒಂದು ಕಾರಣವಾಗಿತ್ತು. 1439ರಲ್ಲಿ ನಮ್ಮ ಕ್ಯಾಥೊಲಿಕ್ ಸಭೆಯ ಫ್ಲಾರೆನ್ಸ್ ಮಹಾಸಭೆ ಎರಡೂ ಬಗೆಯ ರೊಟ್ಟಿ ಸರಿ ಎಂದಿತು. ಕೇರಳ ಮೂಲದ, ಬೆಂಗಳೂರಿನಲ್ಲೂ ಇರುವ ಮಲಂಕರ ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಇವತ್ತಿಗೂ ಹುಳಿ ಬಂದ ರೊಟ್ಟಿಯೇ. ನಿಮ್ಮ ಲೇಖನದ ಲೆಕ್ಕದಲ್ಲಿ ಅವರು ಪೀಠದ ಮೇಲೆ ಪಾಪವನ್ನು ಇಟ್ಟ ಹಾಗಾಯಿತು. ಓದಿದಾಗ ನನಗೆ ಜಾಸ್ತಿ ನೋವಾದದ್ದು ಇದಕ್ಕೇ.

ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಮುಂದಿನ ವರ್ಷ ಇದೇ ವಿಷಯ ಬರೆಸುವುದಾದರೆ ಗುಲಾಮಗಿರಿಯಿಂದ ಹೊರಟ ಆ ರಾತ್ರಿಯಿಂದ ಶುರು ಮಾಡಿಸಿ.

ಇಂತಿ,
ಒಬ್ಬ ಓದುಗರು, ಉಡುಪಿ ಜಿಲ್ಲೆ